ಏಳಾಳುದ್ದದ ಕೊಳ

ಗುಬ್ಬಿಯಲ್ಲಿ ನಮ್ಮ ಬೀದಿಯ ಕೊನೆಗಿದ್ದ ಕೊಳದಲ್ಲೇ ಊರಿನ ಗಂಡಸರೆಲ್ಲ ಈಜು ಕಲಿತದ್ದು. ನಡುವಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅಪ್ಪ ನಮ್ಮಣ್ಣನನ್ನು ನೀರಿಗೆ ನೂಕಿದ್ದನ್ನು ನಾನೇ ಕಂಡಿದ್ದೇನೆ. ಬುರುಡೆ ಹಿಂದಕ್ಕೆ ಜಾರಿ ಅವನ ಅಂಡು ಮೇಲೆ, ತಲೆ ಕೆಳಗೆ. ಹೊಟ್ಟೆ ತುಂಬ ನೀರು ಕುಡಿದು ಎದ್ದವನು, "ತಳಾನೇ ಸಿಗ್ಲಿಲ್ಲ ಕಣೇ, ಏಳಾಳುದ್ದ ಐತೆ" ಅಂದ. ಆ ಲೆಕ್ಕ ಅವನದಲ್ಲ, ಊರಿನದು. ಏಳು ಜನ ಒಬ್ಬರ ಹೆಗಲ ಮೇಲೊಬ್ಬರು ನಿಂತರೂ ಮುಳುಗುತ್ತಾರಂತೆ. ಅಳೆದವರು ಯಾರು ಅಂತ ಕೇಳಿದ್ದಕ್ಕೆ ಅಪ್ಪ ನನ್ನ ತಲೆಗೊಂದು ಮೊಟಕಿದರು.

ಹೆಂಗಸರಿಗೆ ಮೂರನೇ ಮೆಟ್ಟಿಲೇ ಗಡಿ. ಅಲ್ಲಿ ಕೂತು ಬಟ್ಟೆ ಒಗೆಯಬಹುದು, ಈಜಿ ಬಂದ ಶೂರರ ಚಡ್ಡಿಯನ್ನೂ ಒಗೆಯಬಹುದು. ನನಗೂ ಕಲಿಸು ಅಂತ ಅಪ್ಪನಿಗೆ ದುಂಬಾಲು ಬಿದ್ದೆ. "ಹೆಣ್ಮಗ್ಳು ಈಜಿ ಎಲ್ಲಿಗವ್ವಾ ಹೋಗ್ಬೇಕು?" ಅಂದರು. ಅವರು ಈಜಿ ಎಲ್ಲಿಗೆ ಹೋಗಿದ್ದರು? ಆ ದಡದಿಂದ ಈ ದಡಕ್ಕೆ, ಆಮೇಲೆ ಊಟಕ್ಕೆ.

ಮನೆಮನೆಗೆ ನಲ್ಲಿ ಬಂದ ಮೇಲೆ ಕೊಳಕ್ಕೆ ಪಾಚಿ ಬಂತು, ತಂತಿಬೇಲಿ ಬಂತು. ಈಚೆಗೆ ಅದನ್ನು ಮುಚ್ಚಿ ಪಾರ್ಕ್ ಮಾಡುತ್ತಾರೆಂಬ ಸುದ್ದಿಯೂ ಬಂತು. ಮದುವೆಯಾಗಿ ತುಮಕೂರು ಸೇರಿದ್ದ ನಾನು ಐವತ್ತು ದಾಟಿದ ಮೇಲೆ, ಮಂಡಿನೋವಿನ ನೆಪದಲ್ಲಿ, ಅಲ್ಲಿನ ಈಜುಕೊಳದಲ್ಲಿ ಈಜು ಕಲಿತಿದ್ದೆ. ನಮ್ಮೂರ ಕೊಳದಲ್ಲಿ ಒಂದು ಸಲವಾದರೂ ಈಜದಿದ್ದರೆ ಸತ್ತ ಮೇಲೂ ನನ್ನ ಹೊಟ್ಟೆಯುರಿ ಆರುವುದಿಲ್ಲ ಅನ್ನಿಸಿತು.

ಮಣ್ಣಿನ ಲಾರಿ ಬರುವ ದಿನ ಬೆಳಿಗ್ಗೆಯೇ ಹೋದೆ. ಬೇಲಿಯನ್ನು ಆಗಲೇ ಕಿತ್ತಿದ್ದರು. ಎಂಬತ್ತರ ಅಮ್ಮ ಬೈಯುತ್ತಲೇ ಹಿಂದೆ ಬಂದು ಮೂರನೇ ಮೆಟ್ಟಿಲಲ್ಲಿ ಕೂತಳು. ನೀರು ಆಗಿನಂತೆ ಈಗಲೂ ಆ ಮೆಟ್ಟಿಲ ಅಂಚಿಗೇ ಇತ್ತು. ನೈಟಿ ಎತ್ತಿ ಸಿಕ್ಕಿಸಿ, ಮನೆದೇವರನ್ನು ನೆನೆದು, ಪಾಚಿ ಸರಿಸುತ್ತ ನಡುನೀರಿಗೆ ಈಜಿದೆ. ದಮ್ಮು ಹತ್ತಿತು. ಕಾಲು ಇಳಿಬಿಟ್ಟೆ. ಕಲ್ಲು ಸಿಕ್ಕಿತು. ಹೂಳಲ್ಲ, ಚಪ್ಪಡಿ ಹಾಸಿದ ತಳ. ಎದ್ದು ನಿಂತೆ. ನೀರು ಎದೆಮಟ್ಟ.

ಮೊದಲು ನಗು ಬಂತು, ಹಿಂದೆಯೇ ಮೈಯೆಲ್ಲ ಉರಿಯುವಂಥ ಕೋಪ. ಇಳಿದ ಗಂಡಸರಿಗೆಲ್ಲ ಗೊತ್ತಿತ್ತು, ಒಬ್ಬನೂ ಬಾಯಿ ಬಿಟ್ಟಿರಲಿಲ್ಲ.

"ಯಾಕೇ ನಿಂತ್ಕಂಡೆ? ಎಷ್ಟುದ್ದ ಐತೆ?" ಅಮ್ಮ ಕೂಗಿದಳು.

"ಒಂದಾಳೂ ಇಲ್ಲ ಕಣಮ್ಮ! ಎದೆಮಟ್ಟ!"

ಅಷ್ಟರಲ್ಲಿ ಲಾರಿ ದಡಕ್ಕೆ ಬಂದು ಹಾರನ್ ಹೊಡೆಯಿತು. "ಅಜ್ಜೀ, ಎದ್ದೋಗಿ, ಮಣ್ಣು ಸುರೀಬೇಕು" ಅಂದ ಡ್ರೈವರ್.

ಅಮ್ಮ ಎದ್ದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. "ವಸಿ ತಡ್ಕಳಪ್ಪ" ಅಂತ ಅವನಿಗೆ ಹೇಳಿ, ನಾಲ್ಕನೇ ಮೆಟ್ಟಿಲಿಗೆ ಕಾಲಿಟ್ಟಳು.