ಹೊನ್ನಗೌಡನ ಚೊಂಬು

೧೯೬೩ರ ಮಳೆಗಾಲದಲ್ಲಿ ಹೊನ್ನಾವರದ ಹೊನ್ನಗೌಡನಿಗೆ ಹಿಡಿದ ಭೇದಿ ಎಂಟು ದಿನಕ್ಕೆ ನಿಂತಿತು. ಹೊಟ್ಟೆ ಮಾತ್ರ ಅದನ್ನು ನಂಬಲಿಲ್ಲ. ಎರಡು ವರ್ಷವಾದರೂ ಗೌಡ ಎಲ್ಲಿಗಾದರೂ ಹೊರಟರೆ ಸಾಕು, ಗುಡುಗುಡು ಶುರು. ಬಸಳೆ ಮಾರಲು ಪೇಟೆಗೆ ಹೋದರೂ ಕೈಯಲ್ಲೊಂದು ಹಿತ್ತಾಳೆ ಚೊಂಬು. ಊರವರು ಚೊಂಬುಗೌಡ ಎಂದೇ ಕರೆದರು. ಅವನೂ ನಗುತ್ತಿದ್ದ, ನಗದೆ ಇನ್ನೇನು ಮಾಡಿಯಾನು?

ನಗು ಬಾರದ ಸಂಗತಿ ಒಂದೇ. ಮಗಳು ಕಾಳಿಯನ್ನು ಶರಾವತಿಯ ಆಚೆ, ಕಾಸರಕೋಡದ ಹತ್ತಿರ ಕೊಟ್ಟಿತ್ತು. ನಡುವೆ ಹೊಳೆ ದಾಟಿಸುವ ತಾರಿ ದೋಣಿ. ನಡುಹೊಳೆಯಲ್ಲಿ ಹೊಟ್ಟೆ ಕರೆದರೆ ಚೊಂಬು ಏನು ಮಾಡೀತು? ಹಾಗಾಗಿ ಎರಡು ವರ್ಷ ಅವನು ಆ ದಂಡೆ ತುಳಿಯಲಿಲ್ಲ. ಮಗಳ ಮೇಲೆ ಮುನಿಸು ಎಂದು ಜನ ಆಡಿಕೊಂಡರು. ಈಗ ಕಾಳಿ ಹೇಳಿಕಳಿಸಿದ್ದಳು: ಅಪ್ಪ ಬಾರದೆ ಮಗುವನ್ನು ತೊಟ್ಟಿಲಿಗೆ ಹಾಕುವುದಿಲ್ಲ.

ಹೊನ್ನ ಡಾಕ್ಟರು ಮಹಾಬಲರ ಮುಂದೆ ಕೂತು ತಾರಿಯ ಕಷ್ಟವನ್ನೆಲ್ಲ ಹೇಳಿಕೊಂಡ. "ಹೊಟ್ಟೇಲಿ ಎಂತ ಬೆಳೆದದೆ ಹೇಳಿ ಡಾಕ್ಟ್ರೆ. ನಾ ಹೆದರೂದಿಲ್ಲ," ಎಂದ, ಹೆದರುತ್ತಲೇ.

ಡಾಕ್ಟರು ಒತ್ತಿ, ತಟ್ಟಿ, ಪರೀಕ್ಷೆ ಎಲ್ಲ ಮಾಡಿಸಿ, ಕೆಟ್ಟದ್ದೇನೂ ಇಲ್ಲ ಎಂದರು. "ಗದ್ದೆಗೆ ಹಂದಿ ಬಂದು ಹೋದ ಮೇಲೆ ನೀ ಎಂತ ಮಾಡ್ತೆ?"

"ಎಲೆ ಅಲ್ಲಾಡಿದ್ರೂ ಡಬ್ಬಿ ಬಡೀತೆ."

"ಮೈಯೊಳಗೂ ಕಾವಲಿನವರಿದ್ದಾರೆ. ಭೇದಿ ಓಡಿಸಿದ್ದು ಅವರೇ. ನಿನ್ನ ಕರುಳಿನಲ್ಲಿ ಅವರಿನ್ನೂ ಡಬ್ಬಿ ಕೆಳಗಿಟ್ಟಿಲ್ಲ ಅಂತ ನನ್ನ ಅಂದಾಜು. ನೀ ಹೆದರಿದಷ್ಟೂ ಜೋರು ಬಡೀತಾರೆ. ತಾರಿ ಹತ್ತು, ಹೋಗು."

ತೊಟ್ಟಿಲ ದಿನ ಹೊನ್ನ ಚೊಂಬು ತೊಡೆಯ ಮೇಲಿಟ್ಟುಕೊಂಡು ದೋಣಿಯಲ್ಲಿ ಕೂತ. ನಡುಹೊಳೆಗೆ ಬಂದಾಗ ಗುಡುಗುಡು ಎದ್ದಿತು. ಅವನು ಹೊಟ್ಟೆ ಸವರಿ, "ಹಂದಿ ಇಲ್ವೋ ಮಾರಾಯ, ಸುಮ್ನಿರು," ಎಂದ. ಪಕ್ಕದಲ್ಲಿದ್ದ ಮೀನಿನ ಬುಟ್ಟಿಯ ಹೆಂಗಸು ಒಂದು ಮಾರು ಸರಿದು ಕೂತಳು. ಅಷ್ಟರಲ್ಲಿ ದಂಡೆ ಬಂತು.

ಕಾಳಿ ಅವನನ್ನು ತೊಟ್ಟಿಲ ಬಳಿ ಕರೆದೊಯ್ಯಲಿಲ್ಲ. ನೇರ ಹಿತ್ತಿಲಿಗೆ. ಅಲ್ಲಿ ತೆಂಗಿನ ಮಡಲಿನ ಹೊಸ ಮರೆ, ಒಳಗೆ ಗುಂಡಿ, ಪಕ್ಕದಲ್ಲಿ ಎರಡು ಕೊಡ ನೀರು.

"ಬೇಕಾದಾಗ ಹೋಗು ಅಪ್ಪ. ಯಾರೂ ಎಂತದೂ ಕೇಳೂದಿಲ್ಲ."

"ನಿಂಗೆ ಯಾರು ಹೇಳ್ದೋರು?"

"ತಾರಿ ಮೇಲೆ ಎಲ್ಲ ಸುದ್ದಿನೂ ಬತ್ತದೆ. ನಿನ್ನ ಚೊಂಬಿನ ಸುದ್ದಿನೂ ಬಂತು ಮೊನ್ನೆ."

ಹೊನ್ನ ಮಡಲಿನ ಮರೆಯನ್ನೊಮ್ಮೆ ಮುಟ್ಟಿ ನೋಡಿದ. ಕಣ್ಣು ತುಂಬಿ ಬಂತು. ಆಮೇಲೆ ಮೊಮ್ಮಗಳನ್ನು ಎತ್ತಿಕೊಂಡ, ಎರಡು ಸಲ ಪಾಯಸ ಹಾಕಿಸಿಕೊಂಡ, ಮರೆಯ ಕಡೆ ಒಂದು ಸಲವೂ ಹೋಗಲಿಲ್ಲ.

ಕಾಳಿಗೆ ಅದೇ ಬೇಜಾರು. "ಎರಡು ದಿನ ಗುಂಡಿ ತೋಡ್ದೆ ನಾನು. ಒಂದ್ಸಲ ಆದ್ರೂ ಹೋಗಿ ಬಾ."

ಹೊನ್ನ ನಕ್ಕು, ಚೊಂಬನ್ನು ಒಯ್ದು ಆ ಕೊಡಗಳ ಪಕ್ಕ ಇಟ್ಟ. "ಇದು ಇಲ್ಲೇ ಇರ್ಲಿ," ಎಂದ. "ಬರೂ ವಾರ ಮತ್ತೆ ಬತ್ತೆ."