ಬೆಳಿಗ್ಗೆಯೇ ಗೊತ್ತಾಗಿತ್ತು

ಪದ್ಮನಾಭನಗರದಲ್ಲಿ ನಾನು ಹನ್ನೊಂದು ವರ್ಷ ಬಾಡಿಗೆಗಿದ್ದ ಮನೆಯ ಒಡತಿ ಹುಳಿಮಾವಿನ ಕಡೆಯವರು. ಕೆರೆ ಪಕ್ಕದ ಅವರ ರಾಗಿ ಹೊಲವೆಲ್ಲ ಲೇಔಟಾದ ಮೇಲೆ ಇಲ್ಲಿ ಬಂದು ಮನೆ ಕಟ್ಟಿಸಿದ್ದರು. ಕೆಳಗೆ ಅವರು, ಮೇಲೆ ನಾನು. ಪೊಲೀಸರು ಹಿಡಿದ ಮಾದಕ ವಸ್ತುಗಳನ್ನು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಅದು ಅವರಿಗೆ ಗೊತ್ತಿದ್ದರೂ ಒಂದು ದಿನವೂ ಆ ಬಗ್ಗೆ ಕೇಳಿದವರಲ್ಲ. ಸೊಪ್ಪಿನ ಸಾರು ಮಾಡಿದ ದಿನ ಒಂದು ಬಟ್ಟಲು ಮೇಲೆ ಬರುತ್ತಿತ್ತು. ತರುತ್ತಿದ್ದವಳು ಅವರ ಒಬ್ಬಳೇ ಮಗಳು, ಡೆಂಟಲ್ ಕಾಲೇಜಿನ ಕೊನೆಯ ವರ್ಷದವಳು. ಬಂದಾಗಲೆಲ್ಲ ನನ್ನ ಬಾಯಿ ತೆರೆಸಿ ದವಡೆ ಹಲ್ಲು ನೋಡಿ ಬೈದು ಹೋಗುತ್ತಿದ್ದಳು.

ನನ್ನ ಕೆಲಸ ನೋಡುವವರಿಗೆ ಸಪ್ಪೆ. ಪಾರದರ್ಶಕ ಕವರಾದರೆ ಒಳಗಿನದನ್ನು ಹೊರಗೆ ಸುರಿಯುವುದೂ ಬೇಡ. ಮೇಲಿಂದಲೇ ಲೇಸರ್ ಬಿಟ್ಟರೆ, ಪುಡಿಗೆ ತಾಗಿ ಚೆದುರುವ ಬೆಳಕನ್ನು ಯಂತ್ರ ಓದಿಕೊಂಡು ಪರದೆಯ ಮೇಲೆ ಏರಿಳಿತದ ಒಂದು ಗೆರೆ ಬರೆಯುತ್ತದೆ. ಸಕ್ಕರೆಯ ಗೆರೆ ಬೇರೆ, ಜ್ವರದ ಮಾತ್ರೆಯ ಗೆರೆ ಬೇರೆ. ಮೊಹರು ಹಾಕಿದ ಲಕೋಟೆಯ ಮೇಲೆ ಕೇಸಿನ ನಂಬರ್ ಇರುತ್ತದೆಯೇ ಹೊರತು ಸಿಕ್ಕಿಬಿದ್ದವರ ಹೆಸರು ನನ್ನ ಮೇಜಿನವರೆಗೆ ಬರುವುದಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಬಿಚ್ಚಿದ ಲಕೋಟೆಯಲ್ಲಿ, ಓಲೆ ಜುಮುಕಿ ಹಾಕಿಕೊಡುವಂಥ ಪುಟ್ಟ ಜಿಪ್ ಕವರ್ ಇತ್ತು. ಮೂಲೆಯಲ್ಲಿ ನೀಲಿ ಚಿಟ್ಟೆಯ ಚಿತ್ರ, ಒಳಗೆ ಪುಡಿಯಾದ ಕಲ್ಲುಸಕ್ಕರೆಯಂಥ ಹರಳು. ಲೇಸರ್ ಬಿಟ್ಟ ಅರ್ಧ ನಿಮಿಷಕ್ಕೆ ಯಂತ್ರ ಎಂಡಿಎಂಎ ಎಂದಿತು, ಪಾರ್ಟಿಗಳಲ್ಲಿ ಕೈ ಬದಲಾಗುವ ಅಮಲು ಪದಾರ್ಥ. ನಿಯಮದಂತೆ ಇನ್ನೊಂದು ವಿಧಾನದಲ್ಲೂ ನೋಡಿದೆ. ಅಲ್ಲೂ ಅದೇ. ಪುಸ್ತಕದಲ್ಲಿ ಬರೆದು ಊಟಕ್ಕೆ ಹೋದೆ.

ಸಂಜೆ ಮನೆಗೆ ಬಂದರೆ ಒಡತಿ ನನ್ನ ಬಾಗಿಲ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದರು. ಮಗಳು ತಲಘಟ್ಟಪುರದ ದೊಡ್ಡಮ್ಮನ ಮನೆಗೆ ಹೋಗಿದ್ದಾಳೆ ಎಂದು ಹಿಂದಿನ ವಾರವೆಲ್ಲ ಹೇಳುತ್ತಿದ್ದವರು, ಅದು ಸುಳ್ಳು ಎಂದರು. ಬಿಟಿಎಂ ಲೇಔಟ್‌ನಲ್ಲಿ ಗೆಳೆಯನೊಬ್ಬನ ರೂಮಿಗೆ ಪೊಲೀಸರು ನುಗ್ಗಿದಾಗ ಇವಳೂ ಅಲ್ಲಿದ್ದಳಂತೆ. ಬ್ಯಾಗಿನಲ್ಲಿ ಏನೋ ಸಿಕ್ಕಿತಂತೆ. ಈಗ ಜೈಲಿನಲ್ಲಿದ್ದಾಳೆ.

"ಸ್ವಲ್ಪ ಹೊತ್ತು ಇಟ್ಕೊಂಡಿರು ಅಂತ ಅವನು ಕೊಟ್ಟಿದ್ದಂತೆ ಮೇಡಂ. ಓಲೆ ಹಾಕ್ಕೊಡ್ತಾರಲ್ಲ, ಚಿಟ್ಟೆ ಚಿತ್ರದ ಕವರು, ಅಷ್ಟೇ. ಅದ್ರಲ್ಲಿ ಏನ್ ಮಹಾ ಇರುತ್ತೆ?"

ನಾನು ಅವರಿಗೆ ನೀರು ತರುತ್ತೇನೆಂದು ಒಳಗೆ ಹೋಗಿ ಅಡಿಗೆಮನೆ ಕಟ್ಟೆ ಹಿಡಿದು ನಿಂತೆ. ಹೊರಗೆ ಬಂದಾಗ ಅವರು ಲಾಯರ್ ಹೇಳಿದ್ದನ್ನು ಹೇಳತೊಡಗಿದರು. ಎಲ್ಲವೂ ಲ್ಯಾಬಿನ ವರದಿಯ ಮೇಲೆ ನಿಂತಿದೆಯಂತೆ.

"ಸುಳ್ಳು ಬರೀರಿ ಅಂತ ಕೇಳ್ತಿಲ್ಲ. ಸರಿಯಾಗಿ ನೋಡಿ ಅಷ್ಟೇ. ನಿಮ್ಮ ಮಿಶಿನ್ನು ಸುಳ್ಳು ಹೇಳಲ್ವಲ್ಲ?"

"ಹೇಳಲ್ಲ ಅಕ್ಕ" ಎಂದೆ.

ಆ ಮಾತಿಗೆ ಅವರ ಮುಖ ಎಷ್ಟು ಹಗುರಾಯಿತೆಂದರೆ, ನನಗೆ ಅವರನ್ನು ನೋಡಲಾಗಲಿಲ್ಲ. ಗುಟ್ಟು ಬಿಟ್ಟುಕೊಡುವ ಹಾಗಿರಲಿಲ್ಲ, ಕೊಟ್ಟರೂ ಅವರಿಗೆ ಅದರಿಂದ ಆಗುವುದೇನೂ ಇರಲಿಲ್ಲ. ಕೇಸಿನ ಬಗ್ಗೆ ನಾನು ಮಾತಾಡುವಂತಿಲ್ಲ ಎಂದಷ್ಟೇ ಹೇಳಿದೆ. ಎಚ್ಚರಿಕೆಯಿಂದ ನೋಡುತ್ತೇನೆ ಎಂದು ಹೇಳಿದೆನೆಂದೇ ಅವರು ತಿಳಿದುಕೊಂಡರು. ಕೈ ಮುಗಿದು ಕೆಳಗೆ ಹೋದರು.

ಮಾರನೆಯ ದಿನ ನಮ್ಮ ಮೇಲಧಿಕಾರಿಗೆ ಎಲ್ಲ ತಿಳಿಸಿದೆ. ಅವರು ಆ ಲಕೋಟೆಯನ್ನು ನನ್ನಿಂದ ತೆಗೆದು ಸಹೋದ್ಯೋಗಿಯೊಬ್ಬಳಿಗೆ ಕೊಟ್ಟರು. ಪರೀಕ್ಷೆ ಮೊದಲಿಂದ ನಡೆಯಿತು. ಪಕ್ಕದ ಕೋಣೆಯಲ್ಲಿ ಕೂತು, ನನ್ನ ಕೆಲಸ ತಪ್ಪಾಗಿರಲಿ ಎಂದು ಅಂದು ಬೇಡಿಕೊಂಡೆ. ಯಂತ್ರದ ಗಾಜು ಒರೆಸಿರಲಿಲ್ಲ ಎಂದೋ, ಕವರ್ ಅದಲುಬದಲಾಗಿತ್ತು ಎಂದೋ ಅವಳು ಬಂದು ಹೇಳಲಿ ಎಂದುಕೊಂಡೆ. ಅವಳು ಬಂದು ತಲೆಯಾಡಿಸಿದಳು, ಅದೇ ಗೆರೆ. ಆ ಪುಡಿಯನ್ನು ಯಾರು ತಂದರು, ಯಾರ ಕೈಗೆ ಏನು ಹೇಳಿ ಕೊಟ್ಟರು ಎಂಬುದಕ್ಕೆ ನಮ್ಮ ವರದಿಯಲ್ಲಿ ಜಾಗವಿಲ್ಲ.

ವರದಿ ಕೋರ್ಟಿಗೆ ಹೋಯಿತು. ಜಾಮೀನು ಸಿಗಲಿಲ್ಲ. ಒಂದು ವಾರದ ಮೇಲೆ ಗೇಟಿನ ಹತ್ತಿರ ಒಡತಿ ನನ್ನನ್ನು ನಿಲ್ಲಿಸಿದರು.

"ಆವತ್ತು ನಾನು ಬಂದಾಗ್ಲೇ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಅಕ್ಕ. ಬೆಳಿಗ್ಗೆನೇ ಗೊತ್ತಾಗಿತ್ತು."

ಅವರು ಸಿಟ್ಟಾಗಲಿಲ್ಲ. "ಅಷ್ಟೊತ್ತು ನನ್ನ ಮಾತಾಡೋಕೆ ಬಿಟ್ರಲ್ಲ" ಎಂದು ಮೆಲ್ಲಗೆ ಹೇಳಿ ಗೇಟು ಹಾಕಿಕೊಂಡು ಒಳಗೆ ನಡೆದರು.

ಮೂರು ತಿಂಗಳ ಮೇಲೆ ಮಗಳಿಗೆ ಜಾಮೀನಾಯಿತು. ಅಷ್ಟರಲ್ಲಿ ಅವಳ ಕಾಲೇಜಿನ ಕೊನೆಯ ವರ್ಷದ ಪರೀಕ್ಷೆಗಳು ಮುಗಿದಿದ್ದವು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ಸಿಕ್ಕಾಗ ಹೇಗಿದ್ದೀಯ ಎಂದೆ. "ಇದೀನಿ ಆಂಟಿ" ಎಂದು ಗೋಡೆಗೆ ಒತ್ತಿಕೊಂಡು ನನಗೆ ದಾರಿ ಬಿಟ್ಟಳು. ನನ್ನನ್ನು ಮನೆ ಬಿಡಿ ಎಂದು ಯಾರೂ ಹೇಳಲಿಲ್ಲ. ಆ ವರ್ಷ ನಾನೇ ಜೆಪಿ ನಗರದಲ್ಲಿ ಬೇರೆ ಮನೆ ಹುಡುಕಿಕೊಂಡೆ. ಅವಳ ಕೇಸು ಇನ್ನೂ ನಡೆಯುತ್ತಿದೆ.