ಎರಡು ಬುಟ್ಟಿಗಳ ಸರಾಸರಿ

ನಿಜಾಮರ ಕಾಲ. ಕಲಬುರಗಿಯ ನಮ್ಮ ಶಾಲೆಯಲ್ಲಿ ಉರ್ದುವಿಗೆ ಇನ್ನೂರು ಅಂಕ, ಕನ್ನಡಕ್ಕೆ ಬರೀ ಐವತ್ತು. ಪಾಸಾಗಲು ಎರಡೂ ಸೇರಿ ಒಟ್ಟು ಅಂಕದಲ್ಲಿ ನೂರಕ್ಕೆ ನಲವತ್ತು ಬೇಕಿತ್ತು. ಮಾಸ್ತರರು ನನ್ನ ಅಂಕ ಓದಿದರು: ಕನ್ನಡ ನಲವತ್ತೈದು, ಉರ್ದು ನಲವತ್ತು. ನೂರಕ್ಕೆ ತೊಂಬತ್ತು, ನೂರಕ್ಕೆ ಇಪ್ಪತ್ತು. ಎರಡನ್ನೂ ಕೂಡಿಸಿ ಅರ್ಧ ಮಾಡಿದೆ. ಐವತ್ತೈದು! ಮುಂದಿನದನ್ನು ಕೇಳುವ ತಾಳ್ಮೆ ಯಾರಿಗಿತ್ತು? ನಮ್ಮೂರು ಕಮಲಾಪುರಕ್ಕೆ ಓಡಿದೆ.

ಅವ್ವ ಸಂತೆಯಲ್ಲಿ ಬಾಳೆಹಣ್ಣು ಮಾರುವವಳು. ಖುಷಿಯಿಂದ ಒಂದು ಕೆಂಪು ಬಾಳೆಗೊನೆಯನ್ನೇ ಓಣಿಗೆ ಹಂಚಿದಳು. ಆಮೇಲೆ ಕೂತು ಲೆಕ್ಕ ಕೇಳಿದಳು. ನಾನು ಠೀವಿಯಿಂದ ವಿವರಿಸಿದೆ. ಅವ್ವ ಅಂದಳು:

"ಸಣ್ಣ ಬುಟ್ಟ್ಯಾಗ ಐವತ್ತು ಹಣ್ಣು, ನಲವತ್ತೈದು ಚಲೋ ಅವ. ದೊಡ್ಡ ಬುಟ್ಟ್ಯಾಗ ಇನ್ನೂರು, ನಲವತ್ತಷ್ಟ ಚಲೋ. ಎರಡೂ ಒಂದ ಕಡೆ ಸುರಿದರ ಅರ್ಧಕ್ಕಿಂತ ಹೆಚ್ಚು ಚಲೋ ಅವ ಅಂತ ಹ್ಯಾಂಗ ಹೇಳ್ತೀಪಾ?"

ಸುರಿದು ನೋಡಿದೆ. ಇನ್ನೂರೈವತ್ತಕ್ಕೆ ಎಂಬತ್ತೈದು, ಅಂದರೆ ನೂರಕ್ಕೆ ಮೂವತ್ತನಾಲ್ಕು. ನಾನು ಫೇಲು. ಅಷ್ಟರಲ್ಲಿ ಓಣಿಯವರು ನನ್ನ ಪಾಸಿನ ಹಣ್ಣು ತಿಂದು ಸಿಪ್ಪೆಯನ್ನೂ ಎಸೆದಿದ್ದರು.

ಮರುವರ್ಷ ನಿಜವಾಗಿಯೂ ಪಾಸಾಗಿ ಓಡಿಬಂದೆ. ಶಾಲೆಯ ಮೆಟ್ಟಿಲು ಹತ್ತದ ಅವ್ವ ಗೊನೆಗೆ ಅಡ್ಡ ನಿಂತು ಕೇಳಿದಳು:

"ಮೊದಲ ದೊಡ್ಡ ಬುಟ್ಟೀದು ಹೇಳು."